ಅಪ್ಪನ ಇನ್ಸುಲಿನ್ ಮತ್ತು ಮೀನಿನ ಐಸು

ಅಪ್ಪನ ಬಲಗಾಲಿನ ಬೆರಳುಗಳನ್ನು ತೆಗೆಯಬೇಕಾಗಿ ಬಂದಾಗ ನಮ್ಮ ಕೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಶುಗರ್ ಇದ್ದವನು ನಾಲಿಗೆ ಹಿಡಿತದಲ್ಲಿ ಇಟ್ಟುಕೊಂಡಿದ್ದರೆ ಕಾಲು ಉಳಿಯುತ್ತಿತ್ತು. ಕೇರಿಯವರನ್ನು ಯಾಕೆ ಅನ್ನಲಿ, ಮನೆಯೊಳಗೂ ಅದೇ ಮಾತು. ಅಪ್ಪ ಮಾತ್ರ ಮೊದಲಿನಿಂದಲೂ "ನಾ ಎಂತದೂ ತಿಂದಿಲ್ಲ" ಎನ್ನುತ್ತಲೇ ಇದ್ದ.

ಮಾವಳ್ಳಿಯ ಕಡಲಂಚಿನ ಮನೆ ನಮ್ಮದು. ಅಪ್ಪ ಭಟ್ಕಳ ಬಂದರಿನಿಂದ ಹೊರಡುವ, ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ದುಡಿಯುತ್ತಿದ್ದ. ಒಮ್ಮೆ ಹೋದರೆ ವಾರದವರೆಗೂ ನೀರಿನ ಮೇಲೆಯೇ. ಮಾತ್ರೆಗೆ ಶುಗರ್ ಬಗ್ಗದೆ ಡಾಕ್ಟರು ಇನ್ಸುಲಿನ್ ಶುರುಮಾಡಿದಾಗ ನಾನು ಕುಮಟಾದಲ್ಲಿ ನರ್ಸಿಂಗ್ ಮೊದಲ ವರ್ಷ. ದಿಂಬಿಗೆ, ಮೂಸಂಬಿಗೆ ಸೂಜಿ ಚುಚ್ಚಿ ಚುಚ್ಚಿ ಆಗಷ್ಟೇ ಕೈ ಪಳಗಿತ್ತು. ರಜೆಗೆ ಬಂದವಳು ಜಂಬದಿಂದ ಅಪ್ಪನಿಗೆ ಪಾಠ ಶುರುಮಾಡಿದೆ. ಕೈ ತೊಳೆ. ಬಾಟಲಿಯನ್ನು ಕುಲುಕಬೇಡ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸು. ಸಿರಿಂಜಿನಲ್ಲಿ ಗುಳ್ಳೆ ಇದೆಯಾ ನೋಡು. ಹೊಟ್ಟೆಯ ಚರ್ಮ ಎತ್ತಿ ಹಿಡಿದು ನೇರವಾಗಿ ಚುಚ್ಚು, ತಕ್ಷಣ ಸೂಜಿ ಕೀಳಬೇಡ. ನಿನ್ನೆ ಚುಚ್ಚಿದ ಜಾಗಕ್ಕೆ ಇವತ್ತು ಬೇಡ.

ಬಲೆ ಹೆಣೆದ ಕೈ ಅದು. ನನ್ನ ಕ್ಲಾಸಿನ ಅರ್ಧ ಹುಡುಗಿಯರಿಗಿಂತ ಬೇಗ ಕಲಿತ. ಮೆಡಿಕಲ್ ಶಾಪಿನವನು ಮದ್ದನ್ನು ತಂಪಲ್ಲಿ ಇಡಿ ಎಂದು ಹೇಳಿ ಕಳಿಸಿದ್ದ. ಬೋಟಿನಲ್ಲಿ ಹೇಗೆ ಇಡುತ್ತೀ ಎಂದು ಕೇಳಿದೆ. "ತಂಪಲ್ಲೇ ಇಡ್ತೆ ಮಗಾ. ಬೋಟಲ್ಲಿ ತಂಪಿಗೆ ಎಂತ ಬರ?" ಎಂದ. ಸರಿಯಾಗಿಯೇ ಇತ್ತಲ್ಲ ಉತ್ತರ, ಮುಂದೆ ಕೆದಕಲಿಲ್ಲ.

ಶುಗರ್ ಇಳಿಯಲಿಲ್ಲ. ಪ್ರತಿ ಸಲ ತೋರಿಸಲು ಹೋದಾಗಲೂ ಡಾಕ್ಟರು ಯೂನಿಟ್ ಏರಿಸಿ, ಪಥ್ಯ ಸರಿಯಾಗಿ ಮಾಡ್ರಿ ಎಂದು ಗದರಿಸಿ ಕಳಿಸುತ್ತಿದ್ದರು. ಅಲ್ಲಿಂದ ಅಮ್ಮನ ಪತ್ತೇದಾರಿ ಕೆಲಸ ಆರಂಭವಾಯಿತು. ಅಪ್ಪನ ತಟ್ಟೆಗೆ ಅನ್ನ ಹಿಡಿಯಷ್ಟಾಯಿತು. ಹಲಸಿನ ಹಣ್ಣು ಪಕ್ಕದ ಮನೆಯಲ್ಲಿ ಅಡಗಿತು. ಬೋಟಿನಲ್ಲಿ ಅಡುಗೆ ಮಾಡುವವನಿಗೂ ಫೋನ್ ಹೋಯಿತು. ಅವನು ಪಾಪ, ನಿಮ್ಮವರು ಅರ್ಧ ಹೊಟ್ಟೆ ಉಣ್ಣುತ್ತಾರೆ ಎಂದರೆ ಅಮ್ಮ ಅದನ್ನೂ ನಂಬಲಿಲ್ಲ.

"ಎಲ್ಲ ಒಂದೇ ಬೋಟಿನವ್ರು. ಇವ್ರು ಎಂತ ತಿಂತ್ರು ಅಂತ ನೋಡೂಕೆ ನಾ ಸಮುದ್ರಕ್ಕೆ ಹೋಗ್ಲಾ?" ಎಂದು ನನ್ನ ಮುಂದೆ ಗೊಣಗಿದಳು.

ಒಂದು ಮಧ್ಯಾಹ್ನ ಅಪ್ಪ ತಟ್ಟೆ ದೂಡಿ ಎದ್ದ. "ನಿಮ್ಗೆ ನಂಬ್ಕೆನೇ ಇಲ್ಲ ಅಂದ್ರೆ ನಾ ಎಂತ ಹೇಳೂದು?" ಅಷ್ಟೇ ಅಂದದ್ದು. ಕೂಗಾಡಿದ್ದರೆ ನಾವೂ ಜಗಳವಾಡಿ ಮುಗಿಸಬಹುದಿತ್ತು. ಆಮೇಲೆ ಊಟಕ್ಕೆ ಕರೆದಾಗಲೆಲ್ಲ ಕಳ್ಳನ ಹಾಗೆ ತಲೆ ತಗ್ಗಿಸಿ ಬಂದು ಕೂರುತ್ತಿದ್ದ.

ಮಳೆಗಾಲಕ್ಕೆ ಮುಂಚೆ ಬೋಟಿನಲ್ಲಿ ಮೀನಿನ ಮುಳ್ಳೊಂದು ಕಾಲಿಗೆ ಚುಚ್ಚಿತು. ಉಪ್ಪುನೀರಿನಲ್ಲಿ ನೆನೆದ ಗಾಯ ಒಣಗಲಿಲ್ಲ. ಬೆರಳು ಕಪ್ಪಾಗುವ ಹೊತ್ತಿಗೆ ಜಿಲ್ಲೆ ದಾಟಿ ದೊಡ್ಡ ಆಸ್ಪತ್ರೆಗೆ ಓಡಿದೆವು. ಬೆರಳು ತೆಗೆದರು. ಪಾದ ಉಳಿದರೆ ಪುಣ್ಯ ಎಂದರು.

ಆಪರೇಷನ್ ಆಗಿ ಊಟ ಶುರುವಾದ ಮೇಲೆ ವಾರ್ಡಿನಲ್ಲಿ ಅಪ್ಪನ ಹಳೆಯ ಚೀಟಿ ನೋಡಿ ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದಷ್ಟೇ ಯೂನಿಟ್ ಇನ್ಸುಲಿನ್ ಅನ್ನು ಆಸ್ಪತ್ರೆಯ ಬಾಟಲಿಯಿಂದ ಕೊಟ್ಟರು. ಬೆಳಗಿನ ತಿಂಡಿಯನ್ನೂ ಪೂರ್ತಿ ತಿಂದಿದ್ದ. ಸ್ವಲ್ಪ ಹೊತ್ತಿಗೆ ಅಪ್ಪ ಬೆವರಿ ತೊಪ್ಪೆಯಾದ, ಕೈ ನಡುಗಿತು, ಏನೇನೋ ಬಡಬಡಿಸತೊಡಗಿದ. ನಾನು ಸಿಸ್ಟರನ್ನು ಕೂಗಿದೆ. ಬೆರಳು ಚುಚ್ಚಿ ನೋಡಿದರೆ ಶುಗರ್ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟು ನಮ್ಮನ್ನು ಗುರುತಿಸಿದ.

ಅದೇ ಮದ್ದು, ಅದೇ ಅಳತೆ. ಮನೆಯಲ್ಲಿ ಬಗ್ಗದ ಶುಗರ್ ಇಲ್ಲಿ ಹೀಗೆ ಬಿದ್ದದ್ದು ಹೇಗೆ? ಈ ಸಲ ನಾನು ಬಿಡದೆ ಕೇಳಿದೆ, ಬೋಟಿನಲ್ಲಿ ಬಾಟಲಿಯನ್ನು ಎಲ್ಲಿ ಇಡುತ್ತಿದ್ದೆ?

"ಐಸಲ್ಲಿ," ಎಂದ ಅಪ್ಪ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಮೀನಿನ ಸಂಗ್ತಿಗೆ ಅಲ್ಲ, ಬೇರೆ ಡಬ್ಬಿಲಿ. ತಂಪು ಏರ್ಲಿ ಅಂತ ಐಸಿಗೆ ಕಲ್ಲುಪ್ಪು ಹಾಕ್ತಿದ್ದೆ. ಕಲ್ಲಿನ ಹಂಗೆ ಆಗ್ತಿತ್ತು. ಬೆಳಿಗ್ಗೆ ಕರಗ್ಸಿ ತಗಳ್ತಿದ್ದೆ. ಮನೆಗೆ ಬಂದ್ರೂ ಅದೇ ಬಾಟ್ಲಿ."

ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿತೆಂದರೆ ಮುಗಿಯಿತು. ಕರಗಿದರೂ ಅದನ್ನು ನಂಬುವಂತಿಲ್ಲ. ನಾನು ಕಲಿಸಿದ ಹಾಗೆಯೇ, ಒಂದು ತಪ್ಪೂ ಇಲ್ಲದೆ, ಅಪ್ಪ ದಿನವೂ ಸತ್ತ ಮದ್ದನ್ನು ಹೊಟ್ಟೆಗೆ ಚುಚ್ಚಿಕೊಂಡಿದ್ದ. ಮೀನು ಹಿಡಿಯುವವನಿಗೆ ತಂಪು ಎಂದರೆ ಐಸು. ಐಸು ತಾಗಿದ್ದು ಕೆಡುವುದಿಲ್ಲ ಎಂದು ಹುಟ್ಟಿದಂದಿನಿಂದ ಕಂಡವನು. ಅವನನ್ನು ಯಾವ ಬಾಯಿಂದ ದೂರಲಿ?

ಈಗ ಹೊನ್ನಾವರದಲ್ಲಿ ನರ್ಸಿಂಗ್ ಹುಡುಗಿಯರಿಗೆ ಇದೇ ಪಾಠ ಮಾಡುತ್ತೇನೆ. ತಂಪಲ್ಲಿ ಇಡಿ ಎಂದಷ್ಟೇ ಹೇಳಿ ಬರಬೇಡಿ, ಅವರ ತಂಪು ಯಾವುದು ಎಂದು ಕೇಳಿ ಬನ್ನಿ ಎನ್ನುತ್ತೇನೆ. ಹುಡುಗಿಯರು ತಲೆಯಾಡಿಸುತ್ತಾರೆ.

ಅಂದು ವಾರ್ಡಿನಲ್ಲಿ ಎಲ್ಲವನ್ನೂ ಅಪ್ಪನಿಗೆ ಬಿಡಿಸಿ ಹೇಳಿದೆ. ಸಿಟ್ಟಾಗುತ್ತಾನೆ, ಇಲ್ಲವೇ ಕಾಲು ನೋಡಿ ಅಳುತ್ತಾನೆ ಎಂದುಕೊಂಡಿದ್ದೆ. ಕಾಲಿನ ಕಡೆ ಅವನು ನೋಡಲೇ ಇಲ್ಲ.

"ಅಂದ್ರೆ ಶುಗರ್ ಏರಿದ್ದು ಐಸಿಂದ?"

"ಹೌದಪ್ಪ."

"ಊಟದಿಂದ ಅಲ್ಲ?"

"ಅಲ್ಲ."

ಅಪ್ಪ ಅಮ್ಮನ ಕಡೆ ತಿರುಗಿದ. "ಕೇಳ್ತಾ? ನಾ ತಿಂದಿರ್ಲಿಲ್ಲ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪನ ಮುಖ ಹಗುರಾಗಿತ್ತು, ಏನೂ ಕಳೆದುಕೊಳ್ಳದ ಮನುಷ್ಯನ ಮುಖದ ಹಾಗೆ. ಬ್ಯಾಂಡೇಜು ಸುತ್ತಿದ ಕಾಲನ್ನು ಹಾಗೇ ಚಾಚಿ, "ಹಸಿವಾಗ್ತದೆ, ಊಟ ಯಾವಾಗ ಬತ್ತದೆ?" ಎಂದು ಕೇಳಿದ.