ಮೈದುನನ ಹೊಸ ತಳಿಯ ರಾಗಿ

ಕೇಳಿದಿರಾ? ಹುಣಸೂರಿನ ಅಂಚಿನಲ್ಲಿ ಉತ್ತು ಬೆಳೆದರೆ ಅರ್ಧ ಕಂದಾಯ, ಬೀಳುಬಿಟ್ಟರೆ ಪೂರ್ತಿ ಎಂದು ಆಜ್ಞೆ ಬಂದಿದೆ. ನನ್ನ ಮೈದುನ ಮನೆ ಕಟ್ಟುವವರಿಗೆ ಮಾರಲೆಂದು ಗೇಣಿಗೆ ಉಳುತ್ತಿದ್ದ ಕೆಂಪಿಯನ್ನು ಓಡಿಸಿ ಹೊಲವನ್ನು ಬೀಳುಬಿಟ್ಟಿದ್ದ. ಇಂದು ಕಂದಾಯದ ಶೇಕದಾರರು ಹೊಲ ನೋಡಲು ಬಂದಾಗ ಅಲ್ಲಿ ತೆನೆಬಿಟ್ಟ ರಾಗಿ! ಅವರು ಒಂದು ಪೈರು ಎಳೆದರು. ಕುಡುಗೋಲಿನಲ್ಲಿ ಕೊಯ್ದ ಬುಡ ಕೈಗೆ ಬಂತು.

"ಬೇರು ಎಲ್ಲಿ ಯಜಮಾನ್ರೇ?"

"ಹೊಸ ತಳಿ ಸ್ವಾಮಿ," ಎಂದ ಮೈದುನ.

"ತಳಿ ನನ್ನ ಹೊಲದ್ದು ಕಣಪ್ಪ, ಕೊಯ್ದೋನು ನೀನು," ಎಂದೆ.

ಬೇಲಿಯಾಚೆ ಕೆಂಪಿ ನಕ್ಕಳು. ಪೂರ್ತಿ ಕಂದಾಯ ತಪ್ಪಿಸಲು ಬೇರೆ ದಾರಿಯಿಲ್ಲದೆ ಮೈದುನ ಅವಳನ್ನೇ ಕರೆದ: "ಉಳೋಕೆ ಬಾರಮ್ಮೀ."

"ಈ ಸಲ ಗೇಣಿ ಪತ್ರ ಬರ್ದುಕೊಡಿ ಬುದ್ದಿ, ಆಮ್ಯಾಕೆ ಬತ್ತೀನಿ."

ಶೇಕದಾರರೆದುರೇ ಬರೆದುಕೊಟ್ಟ. ಆ ಪೈರನ್ನೆಲ್ಲ ನನ್ನ ಎಮ್ಮೆಗೆ ಹಾಕಿಸಿದೆ. ಮೈದುನನ ಬೇಸಾಯದಿಂದ ಇದುವರೆಗೆ ಹೊಟ್ಟೆ ತುಂಬಿದ್ದು ಅದಕ್ಕೊಂದಕ್ಕೇ.