ಊರ ಸೀಮೆ ಮುಟ್ಟದ ಪರಸ್ಥಾನದ ಚೀಲ

ಕೊರೊನಾ ಹಾವಳಿ ಮುಗಿದು ಬಸ್ಸುಗಳು ಮತ್ತೆ ತುಂಬಿ ಓಡತೊಡಗಿದ್ದ ಕಾಲ. ನಾನಾಗ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕ, ಜನರ ಬಾಯಲ್ಲಿ ಕಂಟ್ರೋಲರ್ ಸಾಹೇಬ. ಬಸ್ಸುಗಳು ಬಂದು ಹೋಗುವ ಹೊತ್ತು ಬರೆದಿಡುವುದು, ಮೈಕಿನಲ್ಲಿ ಕೂಗುವುದು, ಸೀಟಿನ ಜಗಳ ಬಿಡಿಸುವುದು ನನ್ನ ಕೆಲಸ. ನಿವೃತ್ತಿ ಹತ್ತಿರ ಬಂದಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ತಡ ಮಾಡುವ ಡ್ರೈವರುಗಳು ನನ್ನನ್ನು ಕಂಡರೆ ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು.

ಒಂದು ಮಧ್ಯಾಹ್ನ ಹೈದರಾಬಾದ್ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ನನ್ನ ಕಿಟಕಿಯೆದುರು ಅಳು ಕೇಳಿಸಿತು. ನೋಡಿದರೆ ಮೂವರು: ಬಸವಕಲ್ಯಾಣದ ಸವಿತಾ ಎಂಬ ಹುಡುಗಿ, ಕುರಿ ಕಾಯುವ ಅವಳ ಅಪ್ಪ ಮಲ್ಲಪ್ಪ, ಹುಮನಾಬಾದಿನಲ್ಲೇ ಇರುವ ಸೋದರತ್ತೆ ನಾಗಮ್ಮ. ಸವಿತಾ ನರ್ಸಿಂಗ್ ಓದಿ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದ ಕೆಲಸ ಹಿಡಿದಿದ್ದಳು. ಅಂದೇ ರಾತ್ರಿ ಹೈದರಾಬಾದಿನಿಂದ ವಿಮಾನ. ದೊಡ್ಡ ಸೂಟ್‌ಕೇಸು ಜೊತೆಗಿತ್ತು, ಪಾಸ್‌ಪೋರ್ಟ್ ಇರಲಿಲ್ಲ.

ಆದದ್ದು ಇಷ್ಟು. ಅಂದು ಹೊರಡಲು ಪಂಚಾಂಗದಲ್ಲಿ ದಿನ ಸರಿಯಿರಲಿಲ್ಲ. ಹಾಗಿದ್ದಾಗ ನಮ್ಮ ಕಡೆ ಪರಸ್ಥಾನ ಇಡುತ್ತಾರೆ. ಒಳ್ಳೆಯ ದಿನ ನೋಡಿ, ಪ್ರಯಾಣಕ್ಕೆ ಬೇಕಾದ ಏನಾದರೊಂದನ್ನು ಮುಂಚಿತವಾಗಿ ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಅಂದೇ ಶುರುವಾದ ಲೆಕ್ಕ. ಆದರೆ ಆ ಗಂಟು ಮುಂದಕ್ಕೇ ಹೋಗಬೇಕು, ತಿರುಗಿ ಊರಿಗೆ ಬರಬಾರದು. ಉಳಿದವರು ಒಂದು ಟವೆಲ್ಲನ್ನೋ ಕೊಬ್ಬರಿ ಬಟ್ಟಲನ್ನೋ ಇಡುತ್ತಾರೆ. ಮಲ್ಲಪ್ಪನ ಭಕ್ತಿ ಒಂದು ತೂಕ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದದ್ದೇ ಮುಂದೆ ಹೋಗಲಿ ಎಂದು ಪಾಸ್‌ಪೋರ್ಟನ್ನೇ ಚೀಲಕ್ಕೆ ಹಾಕಿ ತಂಗಿ ನಾಗಮ್ಮನ ಮನೆಯ ದೇವರ ಜಗಲಿಯ ಬಳಿ ಇಟ್ಟು ಹೋಗಿದ್ದ.

ಚೀಲವಾದರೂ ಎಂಥದ್ದು? ಮದುವೆ ಜವಳಿ ತೆಗೆದವರಿಗೆಲ್ಲ ಬಟ್ಟೆ ಅಂಗಡಿಯವರು ಪುಕ್ಕಟೆ ಕೊಡುವ ಕೆಂಪು ಚೀಲ. ನಮ್ಮ ಭಾಗದಲ್ಲಿ ಅದಿಲ್ಲದ ಮನೆಯಿಲ್ಲ. ನಾಗಮ್ಮನ ನೆಗೆಣ್ಣಿ ಶಾಂತಮ್ಮ ಹಿಂದಿನ ದಿನ ಬಂದವಳು ತನ್ನ ಕೆಂಪು ಚೀಲವನ್ನೂ ಅದರ ಪಕ್ಕದಲ್ಲೇ ಇಟ್ಟಿದ್ದಳು. ಈಗಷ್ಟೇ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆಂದು ಹುಲಸೂರ ಬಸ್ಸು ಹತ್ತಿ ಹೋಗಿದ್ದಳು. ನಾಗಮ್ಮ ನಿಲ್ದಾಣಕ್ಕೆ ತಂದ ಚೀಲ ಬಿಚ್ಚಿದರೆ ಒಳಗೆ ಕೂಸಿನ ಕುಂಚಿಗೆ, ಬೆಲ್ಲ, ಕೊಬ್ಬರಿ!

“ಮಸ್ಕತ್‌ನಾಗ ಕುಂಚಿಗಿ ತೋರಿಸಿ ಇಳೀತೀಯೇನವಾ?” ಎಂದು ಗದರಿದೆ. ಕೈ ಆಗಲೇ ಫೋನಿನ ಮೇಲಿತ್ತು.

ಹುಲಸೂರ ಬಸ್ಸು ಬಸವಕಲ್ಯಾಣದ ಮೇಲೆ ಹೋಗುತ್ತದೆ. ಅದರ ಕಂಡಕ್ಟರನಿಗೆ ವಿಷಯ ತಿಳಿಸಿ, “ಕಲ್ಯಾಣ ಸ್ಟ್ಯಾಂಡ್‌ನಾಗ ಆ ಚೀಲ ಇಸ್ಕೊಂಡು ಹೊಳ್ಳಿ ಬರೋ ಗಾಡಿಗೆ ಕೊಡಪಾ” ಎಂದೆ. ತಿರುಗಿ ನೋಡಿದರೆ ಮಲ್ಲಪ್ಪ ಸೂಟ್‌ಕೇಸಿನ ಮೇಲೆ ಕುಸಿದು ಕೂತಿದ್ದ.

“ಕಲ್ಯಾಣಕ್ಕ ಹೋತಂದ್ರ ಪರಸ್ಥಾನ ಹೊಳ್ಳಿ ಊರಿಗೆ ಬಂದಂಗ್ರಿ ಸಾಹೇಬ್ರ. ಪ್ರಯಾಣ ಮುರೀತು. ಇನ್ನ ನಾ ಇಕಿನ್ನ ಕಳಸಂಗಿಲ್ಲ.”

ನನಗೆ ರೇಗಿತು. “ಪಾಸ್‌ಪೋರ್ಟ್ ಸಿಗಾಕತ್ತದ, ಇನ್ನೇನ್ ಬೇಕೋ ನಿನಗ?”

“ಕುರಿ ಹೊಡ್ಕೊಂಡು ದೂರದೂರ ತಿರುಗೀನ್ರಿ. ಪರಸ್ಥಾನ ಕೆಟ್ಟ ಮ್ಯಾಲ ಒಮ್ಮಿನೂ ಕಾಲ ಕಿತ್ತಿಲ್ಲ. ತಾಯಿ ಇಲ್ಲದ ಕೂಸರಿ ಇದು. ಸಮುದ್ರದಾಚಿಗಿ ಹ್ಯಾಂಗ ಕಳಸ್ಲಿ?”

ಸವಿತಾ ಅವನ ಮುಂದೆ ಕುಳಿತಳು. “ಈಗ ಹೋಗದಿದ್ರ ಆ ಕೆಲಸ ಬ್ಯಾರೇದವರಿಗಿ ಹೋಗ್ತದಪ್ಪಾ. ಆದ್ರ ನೀ ಒಲ್ಲೆ ಅಂದ್ರ ನಾ ಬಸ್ ಹತ್ತಂಗಿಲ್ಲ.” ಹುಡುಗಿಯ ಮಾತಿಗೆ ನನ್ನ ಸಿಟ್ಟು ಜರ್ರನೆ ಇಳಿಯಿತು. ಇದು ನನ್ನ ಫೋನಿನಿಂದ ಬಗೆಹರಿಯುವ ವಿಷಯವಾಗಿರಲಿಲ್ಲ.

ಅಷ್ಟರಲ್ಲಿ ಕಂಡಕ್ಟರನ ಫೋನ್ ಬಂತು. ಮಾತಾಡಿದವಳು ಶಾಂತಮ್ಮ. “ಸಾಹೇಬ್ರ, ಇದು ನಮ್ಮ ಸವಿತಾನ ಪರಸ್ಥಾನದ ಚೀಲ ಏನ್ರಿ? ಅಯ್ಯ ಶಿವನ! ಹಂಗಾದ್ರ ಕಲ್ಯಾಣ ಸೀಮಿ ಮುಟ್ಟಬಾರ್ದ್ರಿ. ನಾ ರಾಜೇಶ್ವರದಾಗ ಇಳ್ಯಾಕತ್ತೇನಿ. ಆ ಕಡಿಂದ ಬರೋ ಗಾಡಿಗಿ ನಿಂದ್ರು ಅಂತ ಹೇಳ್ರಿ.”

ರಾಜೇಶ್ವರ ಹೆದ್ದಾರಿಯ ಮೇಲಿನ ಊರು, ಬಸವಕಲ್ಯಾಣಕ್ಕಿಂತ ಈಚೆಗೆ. ಚೀಲವನ್ನು ಕಂಡಕ್ಟರನ ಕೈಗಿಟ್ಟು ಆಕೆ ತನ್ನ ದಾರಿ ಹಿಡಿಯಬಹುದಿತ್ತು. ಹುಲಸೂರಿನಲ್ಲಿ ಮೊಮ್ಮಗನ ಹೆಸರಿಡುವ ಹೊತ್ತು ಹತ್ತಿರವಾಗುತ್ತಿತ್ತು. ಆದರೂ ಇಳಿದಳು. ನಾನು ಎದುರು ಬರುವ ಬಸ್ಸಿನ ಡ್ರೈವರನಿಗೆ ಫೋನ್ ಮಾಡಿದೆ.

ಇನ್ನು ಹೈದರಾಬಾದ್ ಬಸ್ಸನ್ನು ತಡೆಯಬೇಕು. ಮುಂದಿನದು ಹತ್ತಿದರೆ ವಿಮಾನ ಸಿಗುವ ಭರವಸೆಯಿಲ್ಲ. ತಡಕ್ಕೆ ಡ್ರೈವರುಗಳನ್ನು ಬಯ್ಯುತ್ತಿದ್ದ ನಾನೇ ಮೈಕ್ ಹಿಡಿದು, ಇದ್ದದ್ದು ಇದ್ದಂತೆ ಹೇಳಿ, ಸ್ವಲ್ಪ ತಾಳಿರಿ ಎಂದು ಕೇಳಿಕೊಂಡೆ. ಧಾನ್ಯ ವ್ಯಾಪಾರಿಯೊಬ್ಬ “ನಮಗೂ ಕೆಲಸ ಅವ್ರಿ” ಎಂದು ಎದ್ದು ನಿಂತ. ಅವನ ಹಿಂದೆ ಕೂತಿದ್ದ ಮುದುಕಿ ಅಂಗಿ ಹಿಡಿದು ಜಗ್ಗಿದಳು. “ಹೆಣ್ಮಗಳು ಪರದೇಶಕ್ಕ ಹೊಂಟಾಳ. ಜರಾ ಕೂಡಪಾ!” ಅವನು ಕೂತ. ಆಮೇಲೆ ಯಾರೂ ತಕರಾರು ಮಾಡಲಿಲ್ಲ.

ಶಾಂತಮ್ಮ ಬೆವರು ಸುರಿಸುತ್ತ ಬಂದಿಳಿದಳು. ಚೀಲವನ್ನು ಎದೆಗವಚಿಕೊಂಡಿದ್ದಳು. ನೇರ ಮಲ್ಲಪ್ಪನ ಮುಂದೆ ನಿಂತಳು.

“ನೋಡಣ್ಣಾ, ನಿಮ್ಮೂರ ಸೀಮಿ ತುಳದಿಲ್ಲ. ಬಿಸಲಾಗ ನಿಂತಾಗೂ ನೆಲಕ್ಕ ಇಟ್ಟಿಲ್ಲ. ಹಾದಿ ಮ್ಯಾಲ ಇತ್ತು, ಹಾದಿ ಮ್ಯಾಲೇ ಅದ. ಏಳು, ಮಗಳಿಗಿ ಕಳಸು.”

ಮಲ್ಲಪ್ಪ ಆಕೆಗೆ ಎರಡೂ ಕೈ ಮುಗಿದ. ಎದ್ದು ಚೀಲವನ್ನು ಮಗಳ ಕೈಗೆ ಕೊಟ್ಟು, ಸೂಟ್‌ಕೇಸನ್ನು ತಾನೇ ಹೆಗಲಿಗೇರಿಸಿ ಬಸ್ಸಿನೊಳಗೆ ಇಟ್ಟು ಬಂದ. ಮಗಳ ತಲೆಯ ಮೇಲೆ ಕೈಯಿಟ್ಟು, “ಹೋಗಿ ಬಾ ಮಗಳ, ಫಿಕರ್ ಮಾಡಬ್ಯಾಡ” ಎಂದ. ಅಳುತ್ತಿದ್ದವನು ಮಾತ್ರ ಅವನೇ. ನನ್ನ ಕಣ್ಣುಗಳೂ ಒದ್ದೆಯಾದವು, ಸುಳ್ಳೇಕೆ ಹೇಳಲಿ.

ಬಸ್ಸು ಹೊರಟಿತು; ಸವಿತಾಳಿಗೆ ಅಂದಿನ ವಿಮಾನ ಸಿಕ್ಕಿತೆಂದು ಆಮೇಲೆ ತಿಳಿಯಿತು. ಶಾಂತಮ್ಮನ ಕೈಗೆ ಕುಂಚಿಗೆಯ ಚೀಲ ಕೊಟ್ಟು ಮುಂದಿನ ಹುಲಸೂರ ಬಸ್ಸಿನಲ್ಲಿ ಕೂರಿಸಿದೆ. ಆಕೆ ತಲುಪುವಷ್ಟರಲ್ಲಿ ಕೂಸಿಗೆ ಹೆಸರಿಟ್ಟು ಮುಗಿದಿತ್ತಂತೆ. ಮುಂದೊಮ್ಮೆ ನಿಲ್ದಾಣದಲ್ಲಿ ಸಿಕ್ಕಾಗ ಕೇಳಿದರೆ ನಕ್ಕಳು. “ಹೆಸರು ಯಾರಿಟ್ರೇನ್ರಿ, ಕೂಸು ನಮ್ಮದೇ ಅಲ್ಲೇನು?”

ಹೊತ್ತಿಗೆ ಸರಿಯಾಗಿ ಬಸ್ ಬಿಟ್ಟರೆ ನನ್ನ ಕೆಲಸ ಮುಗಿಯಿತು ಎಂದು ಸೇವೆಯುದ್ದಕ್ಕೂ ನಂಬಿದ್ದೆ. ದೂರ ಹೋಗುವವರಿಗೆ ಬಸ್ಸಿಗಿಂತ ಮೊದಲು ಮನೆಯವರ ಬಾಯಿಂದ ‘ಹೋಗಿ ಬಾ’ ಎಂಬ ಮಾತು ಬೇಕು. ಆ ಮಾತನ್ನು ಸವಿತಾಳಿಗೆ ಕೊಡಿಸಿದವಳು ತನ್ನ ಮೊಮ್ಮಗನ ತೊಟ್ಟಿಲು ಬಿಟ್ಟು ರಾಜೇಶ್ವರದಲ್ಲಿ ಇಳಿದ ಶಾಂತಮ್ಮ. ಆ ತಾಯಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.