ಗಳುವಿನ ಮೇಲೆ ಒಣಗದ ಪಂಚೆ

ತೇವ ಅಳೆಯುವುದು ನನ್ನ ಕಸುಬು. ಕೇಳಿದವರು ನಗುತ್ತಾರೆ, ನಗಲಿ. ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ನಮ್ಮ ಹತ್ತಿರ ಅಂಗಿಯ ಗುಂಡಿಯಷ್ಟು ಅಗಲದ ಸೆನ್ಸರ್‌ಗಳಿವೆ. ಅವನ್ನು ಬೇಕಾದ ಕಡೆ ಅಂಟಿಸಿ, ಅವು ಬರೆದ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿ, ಕೆಟ್ಟ ಅಂಕಿಗಳನ್ನು ಹೆಕ್ಕಿ ಬಿಸಾಡಿ, ಒಳ್ಳೆಯವನ್ನು ಮುಖ್ಯಸ್ಥರಿಗೆ ಒಪ್ಪಿಸುವವಳು ನಾನು. ಈ ಹೆಕ್ಕುವ ಕೆಲಸದಲ್ಲಿ ನನ್ನ ಕೈ ಬಹಳ ಚುರುಕು ಎಂದು ಹೆಸರಿತ್ತು. ಅಪ್ಪನ ಹೊಟ್ಟೆಯ ಗಾಯ ಮತ್ತೆ ಬಾಯಿ ಬಿಟ್ಟದ್ದರಲ್ಲಿ ಆ ಚುರುಕಿನ ಪಾಲೂ ಇದೆ.

ಆ ವರ್ಷ ನಮ್ಮ ಪಾಲಿಗೆ ಬಂದ ಯೋಜನೆ ವಿಚಿತ್ರವಾಗಿತ್ತು. ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗ ಪಟ್ಟಿಯ ಕೆಳಗೆ ಎಷ್ಟು ತೇವವಿರಬೇಕು, ಬಣ್ಣ ಹಾಕಿದ ರೇಷ್ಮೆ ನೂಲನ್ನು ಕಡಿಮೆ ಉರುವಲಿನಲ್ಲಿ ಒಣಗಿಸುವುದು ಹೇಗೆ, ಚಳಿಗಾಲದಲ್ಲಿ ಮನೆಯೊಳಗಿನ ಬಿಸಿ ಹೊರಗೆ ಸೋರಿಹೋಗದಂತೆ ತಡೆಯುವುದು ಹೇಗೆ, ಈ ಮೂರನ್ನೂ ಒಟ್ಟಿಗೆ ನೋಡಬೇಕಿತ್ತು. ನಮ್ಮ ಮುಖ್ಯಸ್ಥರ ಪ್ರಕಾರ ಮೂರೂ ಒಂದೇ ಪ್ರಶ್ನೆ: ನೀರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ? ಮನೆಗೆ ಬಂದು ಅಪ್ಪನಿಗೆ ಇದನ್ನು ವಿವರಿಸಿದೆ.

"ಹುಣ್ಣಿಗೂ ನೂಲಿಗೂ ಗೋಡೆಗೂ ನಿಮ್ ಮೇಷ್ಟ್ರು ಒಂದೇ ಮದ್ದು ಅರೀತಾರೆ ಅನ್ನು," ಎಂದು ಅಪ್ಪ ಕೆಣಕಿದ. "ಸರ್ಕಾರಕ್ಕೆ ಇದು ಪಸಂದ್ ಬಿದ್ದಿದೆಯಾ?"

ಅಪ್ಪ ಪುರೋಹಿತ. ಅಜ್ಜನ ಕಾಲದಲ್ಲಿ ಕಾಶಿಗೆ ಬಂದ ಮನೆತನ ನಮ್ಮದು. ಸೋನಾರ್‌ಪುರದ ಹಿಂದಿನ ಗಲ್ಲಿಯಲ್ಲಿ ಮನೆ; ಕರ್ನಾಟಕದ ಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವುದು ಅವನ ವೃತ್ತಿ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಹೊಕ್ಕುಳ ಹತ್ತಿರ ಹರ್ನಿಯಾ ಎದ್ದು ಎರಡು ವರ್ಷವಾಗಿತ್ತು. ಮೊದಮೊದಲು ನಿಂಬೆಯಷ್ಟಿದ್ದದ್ದು ಕೊನೆಗೆ ಮೂಸಂಬಿಯಷ್ಟಾಗಿ, ಬಗ್ಗಿ ಕೂತು ಮಂತ್ರ ಹೇಳುವಾಗ ಅವನು ಒಂದು ಕೈಯಿಂದ ಹೊಟ್ಟೆ ಒತ್ತಿಹಿಡಿಯುತ್ತಿದ್ದ. ಆಪರೇಷನ್ನಿಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಶಿವರಾತ್ರಿಗೆ ಯಾತ್ರಿಕರು ಬರುವ ಹೊತ್ತಿಗೆ ತಾನು ಘಾಟಿನಲ್ಲಿ ಕೂತಿರಬೇಕು. ಘಾಟಿನಲ್ಲಿ ಕೂರುವುದೆಂದರೆ ಅವನಿಗೆ ಬದುಕಿರುವುದು ಎಂದೇ ಅರ್ಥ. ಅಷ್ಟನ್ನು ನಾನು ಮಾಡಿಕೊಡಬಲ್ಲೆ ಎಂದುಕೊಂಡಿದ್ದೆ.

ಡಿಸೆಂಬರಿನ ಮಂಜಿನಲ್ಲಿ ಆಪರೇಷನ್ ಆಯಿತು. ಹೊಟ್ಟೆಯ ಗೋಡೆಗೆ ಆಸರೆಯಾಗಿ ಒಳಗೆ ಒಂದು ಜಾಲರಿ ಇಟ್ಟು ಹೊಲಿದರು. ಯೋಜನೆಗೆ ಸೇರಿದ ರೋಗಿಗಳಲ್ಲಿ ಅಪ್ಪನೂ ಒಬ್ಬ. ಕಾಗದಕ್ಕೆ ಸಹಿ ಹಾಕುವಾಗ "ನನ್ ಹೊಟ್ಟೇನೂ ರಿಸರ್ಚಿಗೆ ಬಂತು" ಎಂದು ನಕ್ಕಿದ್ದ. ಐದನೇ ದಿನ ಮನೆಗೆ ಬಂದಾಗ ಪಟ್ಟಿಯ ಹೊರಪದರದಲ್ಲಿ ನನ್ನದೇ ಸೆನ್ಸರ್ ಇತ್ತು.

ಅವನು ಬರುವಷ್ಟರಲ್ಲಿ ನಾನು ಕೋಣೆ ಸಿದ್ಧ ಮಾಡಿದ್ದೆ. ಬೆಚ್ಚಗಿನ ಮನೆಯ ಅಧ್ಯಯನಕ್ಕೂ ಮನೆಗಳು ಬೇಕಾಗಿದ್ದವು, ನಮ್ಮದನ್ನೂ ಸೇರಿಸಿಬಿಟ್ಟೆ. ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ, ಬಾಗಿಲಿನ ಕೆಳಗೆ ಉಣ್ಣೆಯ ಪಟ್ಟಿ, ಬಾಗಿಲಿನ ಮೇಲಿನ ಗಾಳಿಗಿಂಡಿಗೆ ದಪ್ಪ ಫೋಮಿನ ಹಲಗೆ. ಹೀಟರ್ ಅರ್ಧ ಹೊತ್ತು ಉರಿದರೂ ಕೋಣೆ ಬೆಚ್ಚಗೇ ಇರುತ್ತಿತ್ತು. ಪ್ರತಿ ಮನೆಗೂ ಒಂದು ಪ್ರಶ್ನಾವಳಿ ತುಂಬಬೇಕು. ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ? ಅಡುಗೆ ಮಾಡುತ್ತಾರೆಯೇ? ಕೋಣೆಯೊಳಗೆ ಒದ್ದೆ ಬಟ್ಟೆ ಒಣಗಿಸುತ್ತಾರೆಯೇ? ಬೇರೆಯವರ ಮನೆಯಾದರೆ ಒಳಗೆ ಹೋಗಿ ಕಣ್ಣಾಡಿಸಿ ತುಂಬುತ್ತಿದ್ದೆ. ನಮ್ಮ ಮನೆಯದನ್ನು ಪ್ರಯೋಗಾಲಯದಲ್ಲೇ ಕೂತು ಚಹಾ ಕುಡಿಯುತ್ತ ತುಂಬಿದೆ. ಕೊನೆಯ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದೆ. ನಮ್ಮ ಬಟ್ಟೆಗಳೆಲ್ಲ ಒಣಗುವುದು ಛಾವಣಿಯ ಹಗ್ಗದ ಮೇಲೆ.

ಮಡಿಯ ವಿಷಯ ಇಲ್ಲಿ ಹೇಳಬೇಕು. ಅಪ್ಪನ ಕೋಣೆಯ ಸೂರಿನಡಿ, ಕೈಗೆ ಎಟುಕದ ಎತ್ತರದಲ್ಲಿ ಒಂದು ಬಿದಿರ ಗಳು ತೂಗುತ್ತದೆ. ಪೂಜೆಗೆ ಉಡುವ ಪಂಚೆಯನ್ನು ಹಿಂದಿನ ದಿನ ಅಪ್ಪನೇ ಒಗೆದು ಕೋಲಿನ ತುದಿಯಿಂದ ಅದರ ಮೇಲೆ ಹರವುತ್ತಾನೆ. ಮಾರನೆಯ ಬೆಳಗ್ಗೆ ಕೋಲಿನಿಂದಲೇ ಇಳಿಸಿ ಉಡುತ್ತಾನೆ. ನಡುವೆ ಯಾರೂ ಮುಟ್ಟಬಾರದು. ಅವನು ಮಡಿಯಲ್ಲಿರುವಾಗ ಅವನನ್ನೂ ಮುಟ್ಟಬಾರದು, ಕೋಣೆಯ ಹೊಸ್ತಿಲನ್ನೂ ದಾಟಬಾರದು. ಐದು ವರ್ಷದವಳಿದ್ದಾಗ ಒಮ್ಮೆ ಓಡಿಹೋಗಿ ಅಪ್ಪನ ಕಾಲು ತಬ್ಬಿಕೊಂಡು, ಅವನು ಮತ್ತೆ ಸ್ನಾನ ಮಾಡಬೇಕಾಗಿ ಬಂದು, ನಾನು ಪೆಟ್ಟು ತಿಂದಿದ್ದೆ. ಅಂದಿನಿಂದ ಆ ಗಳು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಬೆಳಗಿನ ಹೊತ್ತು ಅವನ ಬಾಗಿಲ ಕಡೆ ನೋಡುವುದನ್ನೂ ಬಿಟ್ಟಿದ್ದೆ. ಪೂಜೆ ಮುಗಿಸಿ, ಪಂಚೆ ಬದಲಿಸಿ ಅವನೇ "ಕಾಫಿ ತಾರೇ" ಎಂದು ಕೂಗಿದ ಮೇಲೆ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು.

ಮನೆಗೆ ಬಂದ ನಾಲ್ಕೈದು ದಿನಕ್ಕೆ ಅಪ್ಪ ಮಡಿ ಶುರುಮಾಡಿದ. ಸ್ನಾನಕ್ಕೆ ಡಾಕ್ಟರು ಇನ್ನೂ ಬಿಟ್ಟಿರಲಿಲ್ಲ, ಮೈ ಒರೆಸಿಕೊಂಡು ಪೂಜೆಗೆ ಕೂತ. ನನಗೆ ಖುಷಿಯೇ ಆಯಿತು. ಮಂತ್ರದ ಧ್ವನಿ ಕೇಳಿದರೆ ಅಪ್ಪ ಚೇತರಿಸಿಕೊಳ್ಳುತ್ತಿದ್ದಾನೆ ಎಂದರ್ಥ.

ಅದೇ ದಿನಗಳಲ್ಲಿ ನಾನು ವಾರಕ್ಕೆ ಮೂರು ಸಲ ಸೇತುವೆ ದಾಟಿ ಗಂಗೆಯ ಆಚೆ ದಡದ ರಾಮನಗರಕ್ಕೆ ಹೋಗುತ್ತಿದ್ದೆ. ಅಲ್ಲಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ನೂಲಿನ ಲಡಿಗಳನ್ನು ಶೆಡ್ಡಿನಲ್ಲಿ ತೂಗುಹಾಕಿ ಕೆಳಗೆ ಬಿಸಿಗಾಳಿ ಬಿಡುತ್ತಿದ್ದರು. ಉರುವಲು ಉಳಿಸಲೆಂದು ಶೆಡ್ಡಿನ ತೂತುಗಳನ್ನೆಲ್ಲ ಮುಚ್ಚಿಸಬೇಕೆಂದು ನಮ್ಮವರು ಮೊದಲು ಸಲಹೆ ಕೊಟ್ಟಿದ್ದರು. ಮುಚ್ಚಿದ ಎರಡನೇ ದಿನಕ್ಕೆ ನೂಲು ಮುಗ್ಗಲು ವಾಸನೆ ಹೊಡೆಯಿತು. ಕಾರ್ಖಾನೆಯ ಮುದುಕ ಯಜಮಾನ ಒಂದು ಲಡಿಯನ್ನು ನನ್ನ ಮೂಗಿಗೆ ಹಿಡಿದ.

"ಬಿಟಿಯಾ, ಆಗ್ ಸೇ ನಹೀಂ ಸೂಖತಾ," ಎಂದ. "ಭಾಪ್ ಕೋ ರಾಸ್ತಾ ದೋ, ತಬ್ ಸೂಖತಾ ಹೈ."

ಬೆಂಕಿಯಿಂದ ಒಣಗುವುದಿಲ್ಲ ಮಗಳೇ, ಹಬೆಗೆ ದಾರಿ ಬಿಟ್ಟರೆ ಒಣಗುತ್ತದೆ. ಆ ಮಾತನ್ನು ವರದಿಗೆ ಬೇಕಾದ ಭಾಷೆಯಲ್ಲಿ ಬರೆದು, ಶೆಡ್ಡಿನ ಮೇಲ್ಭಾಗದಲ್ಲಿ ಗಾಳಿಗಿಂಡಿ ಬಿಡಿಸಬೇಕೆಂದು ಶಿಫಾರಸು ಮಾಡಿ, ಸಹಿ ಹಾಕಿದೆ. ಆಮೇಲೆ ಗಾಳಿಗಿಂಡಿ ಮುಚ್ಚಿದ ಮನೆಗೆ ಬಂದು ಮಲಗಿದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅನ್ನುತ್ತಾರಲ್ಲ, ಅದು ನನಗೆ ಸರಿಯಾಗಿ ಹೊಂದುತ್ತದೆ.

ಅಪ್ಪನ ಪಟ್ಟಿಯ ಅಂಕಿಗಳಲ್ಲಿ ಒಂದು ತೊಂದರೆ ಕಾಣಿಸಿತು. ದಿನವಿಡೀ ತೇವ ಸಮವಾಗಿರುತ್ತಿತ್ತು. ಬೆಳಗ್ಗೆ ಐದಕ್ಕೆ ಸರಿಯಾಗಿ ಗೆರೆ ನೆಟ್ಟಗೆ ಮೇಲೇರಿ, ಏಳೂವರೆಯವರೆಗೆ ಅಲ್ಲೇ ನಿಂತು, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ದಿನದಿಂದ ದಿನಕ್ಕೆ ಇಳಿಯುವುದು ತಡವಾಗುತ್ತಿತ್ತು. ಗಾಯ ಗಡಿಯಾರ ನೋಡಿಕೊಂಡು ಬೆವರುವುದಿಲ್ಲ; ಹಾಗಾಗಿ ಸೆನ್ಸರೇ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಆ ಗಂಟೆಗಳ ಅಂಕಿಗಳನ್ನು ಪ್ರತಿದಿನ ಹೆಕ್ಕಿ ಅಳಿಸಿದೆ. ಅಳಿಸಿದ ಮೇಲೆ ಗೆರೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಮುಖ್ಯಸ್ಥರು ಅದನ್ನು ಗೋಡೆಗೆ ಅಂಟಿಸಿದರು. ನನಗೆ ಹೆಮ್ಮೆಯಾಯಿತು. ಈಗ ನೆನೆದರೆ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಅಪ್ಪ ಊಟ ಬೇಡವೆಂದ. ಹಣೆ ಮುಟ್ಟಿದರೆ ಕಾದ ಹಂಚು. ಪಟ್ಟಿಯ ಅಂಚಿನಲ್ಲಿ ಹಳದಿ ಕಂಡಿತು, ವಾಸನೆಯೂ ಬಂತು. ಪಕ್ಕದ ಮನೆಯವರೂ ನಾನೂ ಸೇರಿ ಗಲ್ಲಿಯ ಬಾಯಿಯವರೆಗೆ ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಿ ಇ-ರಿಕ್ಷಾ ಹತ್ತಿಸಿದೆವು. ರಸ್ತೆಯ ಪ್ರತಿ ಗುಂಡಿಗೂ ಅಪ್ಪ ನನ್ನ ಮಣಿಕಟ್ಟು ಹಿಸುಕುತ್ತಿದ್ದ. ಕೀವು ಜಾಲರಿಯವರೆಗೆ ಇಳಿದಿತ್ತು. ಮತ್ತೆ ಕೊಯ್ದು ಜಾಲರಿಯನ್ನೇ ತೆಗೆದರು. ಗಾಯವನ್ನು ಹೊಲಿಯದೆ ಹಾಗೇ ತೆರೆದಿಟ್ಟು, ಒಳಗಿನಿಂದ ತಾನಾಗಿ ತುಂಬಿಕೊಳ್ಳಬೇಕು ಎಂದರು.

"ಇನ್ನೊಂದು ಸಲ ನೀರು ಸೋಕಿ ಕೀವಾದರೆ ನಮ್ಮ ಕೈಯಲ್ಲಿಲ್ಲ," ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಹೇಳಿದರು.

ಮೂರು ದಿನ ಆಸ್ಪತ್ರೆಯಲ್ಲೇ ಇದ್ದೆ. ನಾಲ್ಕನೆಯ ದಿನ ಬಟ್ಟೆ ತರಲೆಂದು ಮನೆಗೆ ಬಂದು ಅಪ್ಪನ ಕೋಣೆಯ ಬಾಗಿಲು ತೆಗೆದಾಗ ರಾಮನಗರದ ಶೆಡ್ಡಿನ ವಾಸನೆ ಬಂತು. ಅದೇ ಮುಗ್ಗಲು, ಸ್ವಲ್ಪವೂ ವ್ಯತ್ಯಾಸವಿಲ್ಲ. ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳಿದ್ದವು. ಎಲ್ಲಿಂದ ಎಂದು ಹುಡುಕುತ್ತ, ಎಷ್ಟೋ ವರ್ಷಗಳ ಮೇಲೆ, ತಲೆ ಎತ್ತಿ ನೋಡಿದೆ. ಗಳುವಿನ ಮೇಲೆ ಪಂಚೆ ಇತ್ತು.

ಸ್ಟೂಲ್ ಹತ್ತಿ ಅದನ್ನು ಮುಟ್ಟಿದೆ. ಹುಟ್ಟಿದಾಗಿನಿಂದ ಮೊದಲ ಸಲ. ಒಗೆದು ನಾಲ್ಕು ದಿನವಾಗಿದ್ದರೂ ಒದ್ದೆಯಾಗಿತ್ತು. ಮೊದಲಾದರೆ ಗಾಳಿಗಿಂಡಿಯಿಂದ ಗಾಳಿಯಾಡಿ ಬೆಳಗಾಗುವುದರೊಳಗೆ ಪಂಚೆ ಒಣಗುತ್ತಿತ್ತು. ಮಂಜು ಹೆಚ್ಚಿದ ದಿನ ಅಮ್ಮ ಮಡಿಯಲ್ಲೇ ನಿಂತು ಕೆಂಡದ ಮೇಲೆ ಹಿಡಿದು ಕಾಯಿಸುತ್ತಿದ್ದಳು. ಈಗ ಅಮ್ಮ ಇಲ್ಲ, ಗಾಳಿಗಿಂಡಿಯನ್ನು ನಾನು ಮುಚ್ಚಿದ್ದೆ. ದಿನಾ ಬೆಳಗ್ಗೆ ಐದಕ್ಕೆ ಅಪ್ಪ ಈ ಒದ್ದೆ ಪಂಚೆ ಇಳಿಸಿ, ಪಟ್ಟಿಯ ಮೇಲೆಯೇ ಬಿಗಿದು ಕಟ್ಟಿ, ಏಳೂವರೆಯವರೆಗೆ ಕೂತಿರುತ್ತಿದ್ದ. ಗಂಟು ಬೀಳುವುದು ಗಾಯದ ಪಕ್ಕದಲ್ಲೇ. ಸೆನ್ಸರ್ ಕೆಟ್ಟಿರಲಿಲ್ಲ. ಸ್ಟೂಲಿನ ಮೇಲೆ ನಿಂತೇ ಅತ್ತೆ. ಆಮೇಲೆ ಗಾಳಿಗಿಂಡಿಯ ಫೋಮ್ ಕಿತ್ತು ಗಲ್ಲಿಗೆ ಎಸೆದೆ.

ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಬಹಳ ಬೇಜಾರು ಮಾಡಿಕೊಂಡರು. ಅಪ್ಪನ ಹೆಸರನ್ನು ರೋಗಿಗಳ ಪಟ್ಟಿಯಿಂದ ತೆಗೆದರು. ಮನೆಗಳ ಪಟ್ಟಿಯಲ್ಲಿ ಮಾತ್ರ ನಮ್ಮ ಮನೆ ಹಾಗೇ ಉಳಿಯಿತು. ಎಲ್ಲಕ್ಕಿಂತ ಕಡಿಮೆ ಬಿಸಿ ಸೋರಿದ ಮನೆ ನಮ್ಮದು.

ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಮನೆಗೆ ಬಂದ ಮೇಲೆ ಅವನು ಗೋಡೆ ನೋಡುತ್ತ ಮಲಗಿರುತ್ತಿದ್ದ. ಒಂದು ದಿನ ತಾನಾಗಿಯೇ ಕಾರಣ ಹೇಳಿದ.

"ಅಸ್ಪತಾಲ್‌ನಲ್ಲಿ ಅಷ್ಟು ದಿನ ಮಡಿ ಇಲ್ದೆ ಇದ್ನಲ್ಲ, ಅದಕ್ಕೇ ಹೀಗಾಯ್ತು. ಎದ್ದು ಓಡಾಡೋ ಹಾಗಾಗ್ಲಿ, ನಲವತ್ತೆಂಟು ದಿನ ಗಂಗೇಲಿ ಮುಳುಗಿ ಒದ್ದೆ ಬಟ್ಟೇಲೇ ಜಪ ಮಾಡ್ತೀನಿ. ಪ್ರಾಯಶ್ಚಿತ್ತ ಮಾಡ್ಕೊಳ್ದೆ ಇದು ಮಾಯಲ್ಲ."

ಹೊಟ್ಟೆಯಲ್ಲಿ ಅಂಗೈ ಅಗಲದ ತೆರೆದ ಗಾಯವಿಟ್ಟುಕೊಂಡು ಈತ ನದಿಗೆ ಇಳಿಯುತ್ತಾನೆ. ಹಟಕ್ಕೆ ಬಿದ್ದರೆ ಮಾಡಿಯೇ ತೀರುವ ಜಾತಿ ಅವನದು. ನಾನು ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಅವನು ಉಳಿಯುವುದಿಲ್ಲ.

"ಅಪ್ಪ, ದೇವರಲ್ಲ. ನಾನು," ಎಂದೆ. ಗಾಳಿಗಿಂಡಿ, ಹೀಟರ್, ಪ್ರಶ್ನಾವಳಿ, ಪಂಚೆ, ಬೆಳಗಿನ ಐದು ಗಂಟೆಯ ಗೆರೆ, ಎಲ್ಲವನ್ನೂ ಹೇಳಿದೆ. ಮಡಿಪಂಚೆಯನ್ನು ಮುಟ್ಟಿದ್ದನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ.

ಅಪ್ಪ ಸೂರಿನಡಿಯ ಗಳುವಿನ ಕಡೆ ನೋಡಿದ.

"ಹಾಗಾದ್ರೆ ನನ್ ಪಟ್ಟಿಗೆ ಅಂಟಿಸಿದ್ಯಲ್ಲ, ಆ ಗುಂಡಿಗೆ ಗೊತ್ತಾಗಿತ್ತು."

"ಗೊತ್ತಾಗಿತ್ತು."

"ನಿಂಗೆ ಹೇಳ್ಲಿಲ್ವಾ?"

"ಹೇಳ್ತು. ದಿನಾ ಹೇಳ್ತು. ನಾನು ಅಳಿಸಿದೆ."

"ಕೋಣೆ ಒಳಗೆ ಒದ್ದೆ ಬಟ್ಟೆ ಒಣಹಾಕ್ತೀರಾ ಅಂತ ಆ ಫಾರಮ್ಮಿನಲ್ಲಿ ಕೇಳಿದ್ರು ಅಂದ್ಯಲ್ಲ, ಇಲ್ಲ ಅಂತ ಯಾಕೆ ಬರೆದೆ?"

"ಮಡಿಪಂಚೆ ಬಟ್ಟೆ ಅಂತ ಅನ್ನಿಸ್ಲೇ ಇಲ್ಲಪ್ಪ."

ಅವನು ಕಣ್ಣು ಮುಚ್ಚಿಕೊಂಡ. "ಮೊದಲ್ನೇ ಸಲ ಮನೆಗೆ ಕಳಿಸೋ ದಿನ ಅಲ್ಲಿನ ನರ್ಸ್ ನನ್ನ ಕೇಳಿದ್ಲು, ಗೀಲಾ ಕಪಡಾ ತೋ ನಹೀಂ ಪಹನತೇ ಬಾಬಾ, ಒದ್ದೆ ಬಟ್ಟೆ ಉಡಲ್ಲ ತಾನೇ, ಅಂತ. ನಹೀಂ ಬಿಟಿಯಾ, ಅಂದೆ. ಪಂಚೆ ಒದ್ದೆ ಇದೆ ಅಂತ ದಿನಾ ಹೊಟ್ಟೆಗೆ ಗೊತ್ತಾಗ್ತಿತ್ತು. ಅದು ಬಟ್ಟೆ ಅಂತ ನಂಗೂ ಅನ್ನಿಸ್ಲಿಲ್ಲ."

ಆಮೇಲೆ, "ನಾಳೆಯಿಂದ ಅದನ್ನ ನಿನ್ ಬಟ್ಟೆ ಜೊತೆ ಛತ್ ಮೇಲೆ ಹಾಕು," ಎಂದ.

ಗಾಯ ತುಂಬಲು ತಿಂಗಳುಗಳೇ ಹಿಡಿದವು. ಜಾಲರಿ ಇಲ್ಲದ ಹೊಟ್ಟೆ ಮತ್ತೆ ಉಬ್ಬಿತು, ಮೊದಲಿಗಿಂತ ದೊಡ್ಡದಾಗಿ. ಇನ್ನೊಮ್ಮೆ ಕೊಯ್ಯಲು ಡಾಕ್ಟರು ಒಪ್ಪುತ್ತಿಲ್ಲ. ಶಿವರಾತ್ರಿ ಬಂತು, ಹೋಯಿತು. ಅವನಿಗೆಂದೇ ಬಂದ ಯಾತ್ರಿಕರನ್ನು ಬೇರೊಬ್ಬರಿಗೆ ಒಪ್ಪಿಸಿದ. ನೆಲದ ಮೇಲೆ ಕೂರಲು ಆಗದವನು ಪಿಂಡ ಹಾಕಿಸುವುದು ಹೇಗೆ? ಕುರ್ಚಿಯಲ್ಲಿ ಕೂತು ಗಲ್ಲಿ ನೋಡುತ್ತಾನೆ. ನನ್ನ ಮೇಲೆ ಒಂದು ದಿನವೂ ರೇಗಿಲ್ಲ, ರೇಗಿದ್ದರೆ ಚೆನ್ನಾಗಿತ್ತು.

ಪಂಚೆಯನ್ನು ನಾನೇ ಒಗೆದು ಛಾವಣಿಯ ಹಗ್ಗದ ಮೇಲೆ ನನ್ನ ಕುರ್ತಾಗಳ ಪಕ್ಕ ಹಾಕುತ್ತೇನೆ. ಮಧ್ಯಾಹ್ನದೊಳಗೆ ಗರಿಗರಿಯಾಗಿ ಒಣಗುತ್ತದೆ. ಅದನ್ನು ಮುಟ್ಟಬೇಡವೆಂದು ಈಗ ಯಾರೂ ಹೇಳುವುದಿಲ್ಲ.